ಮಾದರಿ ರೈಲು ನಿಲ್ದಾಣ: ಕಟ್ಟಡ ರಚನೆಯ ಒಂದು ಪಾಠ

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನಮ್ಮ ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಹಿರಿಯರೂ ಸಮರ್ಥರೂ ಇದ್ದಾರೆ. ಗಣಿತದ ತರಗತಿಯಲ್ಲಿಯೂ ಕ್ರಾಫ್ಟಿನ ಕೊಠಡಿಯಲ್ಲಿಯೂ ಆಯುಷ್ಯದ ಬಹುಭಾಗವನ್ನು ಕಳೆದ ನಾನು ಒಂದು ಪಾಠವನ್ನೇ ಕಾಣಿಕೆಯಾಗಿ ಒಪ್ಪಿಸುವುದು ಉಚಿತವೆಂದು ಭಾವಿಸಿದ್ದೇನೆ. ಪಾಠದ ವಿಷಯ, ಮಾದರಿ ರೈಲುದಾರಿಯ ಬದಿಗೆ ನಿಲ್ಲಿಸುವ ಕಟ್ಟಡಗಳ ರಚನೆ.

ಕೆಲವು ವರ್ಷಗಳ ಹಿಂದೆ ಶಾಲೆಯ ವಸ್ತುಪ್ರದರ್ಶನಕ್ಕಾಗಿ ನಾನೂ ಎಂಟನೆಯ ತರಗತಿಯ ಕೆಲವು ಮಕ್ಕಳೂ ಸೇರಿ ಮಾದರಿ ರೈಲುದಾರಿಯೊಂದನ್ನು ಸಿದ್ಧಪಡಿಸಿದ್ದೆವು. ಹಳಿ, ಎಂಜಿನ್, ಬೋಗಿಗಳು ಅಂಗಡಿಯಿಂದ ಬಂದವು. ನಿಲ್ದಾಣವನ್ನು ರಟ್ಟಿನಿಂದ ನಾವೇ ಕಟ್ಟಿದೆವು. ಬಂದವರೆಲ್ಲ ಓಡುವ ರೈಲನ್ನು ಮೆಚ್ಚಿ ಮುಂದೆ ಸಾಗುತ್ತಿದ್ದರು. ವಿದ್ಯಾರ್ಥಿಯೊಬ್ಬನ ಅಜ್ಜ ಮಾತ್ರ ರೈಲಿನ ಕಡೆ ನೋಡಲಿಲ್ಲ. ಜೀವಮಾನವಿಡೀ ಕಲ್ಲು ಕಟ್ಟಿ ಹಂಚು ಹೊದೆಸಿದ ಮೇಸ್ತ್ರಿ ಅವರು. ಬಗ್ಗಿ ನಿಂತು ನಮ್ಮ ನಿಲ್ದಾಣವನ್ನೇ ಬಹಳ ಹೊತ್ತು ನೋಡಿದರು. ಬಳಿಕ, “ಎಲ್ಲ ಚಂದ ಉಂಟು ಮಾಷ್ಟ್ರೇ, ಆದರೆ ಮಳೆ ನೀರು ಎಲ್ಲಿಗೆ ಹೋಗ್ತದೆ?” ಎಂದು ಕೇಳಿದರು.

ನಾನು ನಿರುತ್ತರನಾದೆ. ನಾವು ಮಾಡನ್ನು ಗೋಡೆಯ ಅಂಚಿಗೆ ಸರಿಯಾಗಿ ಕತ್ತರಿಸಿದ್ದೆವು. ಸೂರು ಮುಂದಕ್ಕೆ ಚಾಚಿರಲಿಲ್ಲ. ಗೋಡೆ ನೇರವಾಗಿ ಹಲಗೆಯ ಮೇಲೆ ನಿಂತಿತ್ತು. ನೆಲಗಟ್ಟಿನ ಎತ್ತರವೇ ಇರಲಿಲ್ಲ. ಕಾಸರಗೋಡಿನ ಒಂದು ಮಳೆಗಾಲವನ್ನು ಆ ಕಟ್ಟಡ ತಾಳಲಾರದು ಎಂಬುದು ಕಟ್ಟಿದವರಿಗೆ ಹೊಳೆಯಲಿಲ್ಲ, ನೋಡಿದವರಿಗೆ ಒಡನೆಯೇ ಹೊಳೆಯಿತು. ನಿಜವಾದ ಕಟ್ಟಡದ ಪ್ರತಿಯೊಂದು ಭಾಗಕ್ಕೂ ಒಂದು ಕಾರಣವಿರುತ್ತದೆ. ಆ ಕಾರಣವನ್ನು ಅರಿತವನ ಕೈಯಲ್ಲಿ ಮಾತ್ರ ವಿವರ ಸರಿಯಾಗಿ ಮೂಡುತ್ತದೆ. ಈ ಪಾಠದ ಸಾರವೂ ಅದೇ.

ಆಟಿಕೆಯಿಂದ ಅಧ್ಯಯನಕ್ಕೆ

ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯು 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ನಿಶ್ಚಿತ ಅಳತೆಯ ಹಳಿಗಳನ್ನು ಪ್ರದರ್ಶಿಸಿದ ಮೇಲೆ ಆಟಿಕೆ ರೈಲಿಗೆ ಒಂದು ವ್ಯವಸ್ಥೆ ಒದಗಿತು. ಮೊದಮೊದಲು ರೈಲೇ ಮುಖ್ಯವಾಗಿತ್ತು. ನಿಲ್ದಾಣವೆಂದರೆ ಬಣ್ಣದ ತಗಡಿನ ಪೆಟ್ಟಿಗೆ. ರೈಲಿನ ಸುತ್ತಲಿನ ಊರಿಗೂ ಅಷ್ಟೇ ಮಹತ್ತ್ವ ಕೊಡಬೇಕೆಂಬ ದೃಷ್ಟಿ ಬೆಳೆದುದು ನಿಧಾನವಾಗಿ. ಇಂಗ್ಲೆಂಡಿನ ಜಾನ್ ಅಹರ್ನ್ ಎಂಬವರು ಕಲ್ಪನೆಯ ಕಣಿವೆಯೊಂದನ್ನು ರಚಿಸಿ, ಅದರೊಳಗೆ ಊರುಗಳನ್ನು ನೆಲೆಗೊಳಿಸಿ, ರೈಲು ಆ ಊರುಗಳ ನಡುವೆ ಹಾದುಹೋಗುವಂತೆ ಮಾಡಿದರು. 1947ರಲ್ಲಿ ಮಾದರಿ ಕಟ್ಟಡಗಳ ರಚನೆಯ ಬಗ್ಗೆಯೇ ಅವರು ಒಂದು ಪುಸ್ತಕವನ್ನು ಪ್ರಕಟಿಸಿದರು.

ಈ ದೃಷ್ಟಿಯನ್ನು ಇನ್ನೂ ಆಳಕ್ಕೆ ಒಯ್ದವರು ರಾಯ್ ಇಂಗ್ಲೆಂಡ್. ಇವರು 1925ರಲ್ಲಿ ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಬಂದವರು. ವೇಲ್ ಆಫ್ ವೈಟ್ ಹಾರ್ಸ್ ಎಂಬ ಬಯಲುಸೀಮೆಯ ಹುಲ್ಲುಮಾಡಿನ ಹಳೆಯ ಮನೆಗಳು ಅವರ ಮನಸ್ಸನ್ನು ಸೆಳೆದವು. ಆದರೆ ಆ ಮನೆಗಳ ಹುಲ್ಲುಮಾಡು ಕಿತ್ತು ಬೇರೆ ಹೊದಿಕೆ ಬರುತ್ತಿತ್ತು. ಹಳೆಯ ರೂಪ ಕಣ್ಣೆದುರಿನಲ್ಲೇ ಅಳಿಯುತ್ತಿತ್ತು. ಅದನ್ನು ತಡೆಯುವುದು ಅವರಿಗೆ ಸಾಧ್ಯವಿರಲಿಲ್ಲ. ಅಳೆಯುವುದು ಸಾಧ್ಯವಿತ್ತು. ಅಳೆದರು, ಚಿತ್ರ ಬರೆದರು, 1:76 ಪ್ರಮಾಣದಲ್ಲಿ ಕಾರ್ಡಿನಿಂದ ಆ ಮನೆಗಳನ್ನು ಮತ್ತೆ ಕಟ್ಟಿದರು. ಇಟ್ಟಿಗೆಗಳನ್ನು ಗೀರಿ, ಬಣ್ಣದ ವ್ಯತ್ಯಾಸವನ್ನೂ ತೋರಿಸಿದರು. 1954ರಲ್ಲಿ ಲಾಂಗ್ ವಿಟನ್‌ಹ್ಯಾಮ್ ಗ್ರಾಮದಲ್ಲಿ ಆರಂಭವಾದ ಪೆಂಡನ್ ವಸ್ತುಸಂಗ್ರಹಾಲಯದಲ್ಲಿ 1920 ಮತ್ತು 1930ರ ದಶಕಗಳ ಆ ಗ್ರಾಮಾಂತರ ಇಂದಿಗೂ ಉಳಿದಿದೆ. ಅಹರ್ನರ ಕಣಿವೆಯೂ ಅಲ್ಲಿಯೇ ಆಶ್ರಯ ಪಡೆದಿದೆ.

2001ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ತೆರೆದ ಬೃಹತ್ ಮಾದರಿ ಲೋಕವೂ, ನಮ್ಮ ದೇಶದಲ್ಲಿ 1998ರಲ್ಲಿ ಪುಣೆಯಲ್ಲಿ ಆರಂಭವಾದ ಜೋಶಿಯವರ ಕಿರುರೈಲು ಸಂಗ್ರಹಾಲಯವೂ ಈ ಕಲೆಯ ವೈಭವವನ್ನು ತೋರಿಸುತ್ತವೆ. ಆದರೆ ಶಾಲೆಯ ಮಕ್ಕಳಿಗೆ ಆದರ್ಶವಾಗಬೇಕಾದುದು ವೈಭವವಲ್ಲ, ಪೆಂಡನ್ನಿನ ಶ್ರದ್ಧೆ.

ಪ್ರಮಾಣ

ಮೊದಲು ನಿರ್ಧರಿಸಬೇಕಾದುದು ಪ್ರಮಾಣ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಎಂಬ 1:87ರ ಪ್ರಮಾಣ. ಬ್ರಿಟನ್ನಿನ ಒಒ ಪ್ರಮಾಣ 1:76. ಸಣ್ಣ ಸ್ಥಳಕ್ಕೆ ಒಗ್ಗುವ ಎನ್ ಪ್ರಮಾಣ ಸಾಮಾನ್ಯವಾಗಿ 1:160. ನಾವು 1:87ನ್ನೇ ತೆಗೆದುಕೊಳ್ಳೋಣ. ಆಗ ನಿಜವಾದ 1 ಮೀಟರು ಮಾದರಿಯಲ್ಲಿ 11.5 ಮಿ.ಮೀ. ಆಗುತ್ತದೆ. 2.1 ಮೀಟರಿನ ಬಾಗಿಲು 24 ಮಿ.ಮೀ.; 45 ಸೆಂ.ಮೀ. ದಪ್ಪದ ಗೋಡೆ 5.2 ಮಿ.ಮೀ.; 165 ಸೆಂ.ಮೀ. ಎತ್ತರದ ಮನುಷ್ಯ 19 ಮಿ.ಮೀ. ಈ ಲೆಕ್ಕವನ್ನು ತಿರುಗಿಸಿಯೂ ನೋಡಬೇಕು. ಕೈತಪ್ಪಿನ 1 ಮಿ.ಮೀ. ಎಂದರೆ ನಿಜದಲ್ಲಿ 8.7 ಸೆಂ.ಮೀ. ಗೋಡೆಯ ಉದ್ದದಲ್ಲಿ ಅದು ಕಾಣಿಸದು. ಕಿಟಕಿಯ ಚೌಕಟ್ಟಿನಲ್ಲಿ ಎದ್ದು ಕಾಣುತ್ತದೆ.

ಹಳಿಯ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ದೊರೆಯುವ 16.5 ಮಿ.ಮೀ. ಅಂತರದ ಎಚ್‌ಒ ಹಳಿಯು ಯೂರೋಪಿನ 1,435 ಮಿ.ಮೀ. ಗೇಜಿನ ಪ್ರತಿರೂಪ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಆದುದರಿಂದ ಸರಿಯಾದ ಅಂತರ 19.3 ಮಿ.ಮೀ. ಆಗಬೇಕು. ಶಾಲೆಯ ಪ್ರದರ್ಶನಕ್ಕೆ ಈ ವ್ಯತ್ಯಾಸವನ್ನು ಒಪ್ಪಿಕೊಳ್ಳಬಹುದು. ಆದರೆ ಒಪ್ಪಿಕೊಂಡದ್ದನ್ನು ಫಲಕದಲ್ಲಿ ಬರೆದು ತಿಳಿಸಬೇಕು.

ಅಳತೆ ಪುಸ್ತಕ

ಎರಡನೆಯ ಪ್ರದರ್ಶನಕ್ಕಾಗಿ ನಾವು ಸಮೀಪದ ಸಣ್ಣ ನಿಲ್ದಾಣವೊಂದರ ಹಳೆಯ ಹಂಚಿನ ಕಟ್ಟಡವನ್ನು ಆರಿಸಿಕೊಂಡೆವು. ಶೋರನೂರಿನಿಂದ ಬಂದ ರೈಲುದಾರಿ ಮಂಗಳೂರನ್ನು ತಲಪಿದ್ದು 1907ರಲ್ಲಿ. ಆ ಕಾಲದ ಕರಾವಳಿಯ ಕಟ್ಟಡಗಳಿಗೆ ಮುರಕಲ್ಲಿನ ಗೋಡೆಯೂ ಮಂಗಳೂರು ಹಂಚಿನ ಮಾಡೂ ಸಹಜವಾದ ಜೋಡಿ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು 1865ರಲ್ಲಿ.

ಸ್ಟೇಶನ್ ಮಾಸ್ಟರರ ಅನುಮತಿ ಪಡೆದು, ಹಳಿಯ ಹತ್ತಿರಕ್ಕೆ ಯಾರನ್ನೂ ಬಿಡದೆ, ಅಳೆಯುವ ಕೆಲಸಕ್ಕೆ ತೊಡಗಿದೆವು. ಉದ್ದ ಅಗಲಗಳನ್ನು ಟೇಪಿನಿಂದ ಅಳೆಯಬಹುದು. ಎತ್ತರಕ್ಕೆ ಏಣಿ ಬೇಕಿಲ್ಲ. 2 ಮೀಟರಿನ ಕೋಲಿಗೆ ಹತ್ತು ಹತ್ತು ಸೆಂ.ಮೀ.ಗೆ ಕೆಂಪು ಬಿಳಿ ಪಟ್ಟೆ ಬಳಿದು ಗೋಡೆಗೆ ಒರಗಿಸಿ, ದೂರದಿಂದ ನೇರವಾಗಿ ಛಾಯಾಚಿತ್ರ ತೆಗೆದರೆ ಉಳಿದ ಎತ್ತರಗಳನ್ನೆಲ್ಲ ಚಿತ್ರದಲ್ಲೇ ಲೆಕ್ಕ ಹಾಕಬಹುದು. ಗಾರೆ ಉದುರಿದ ಕಡೆ ಕಲ್ಲಿನ ವರಸೆಗಳನ್ನು ಎಣಿಸಿಯೂ ತಾಳೆ ನೋಡಬಹುದು. ಒಂದು ವರಸೆ ಸಂದೂ ಸೇರಿ 20 ಸೆಂ.ಮೀ. ಇದ್ದರೆ 16 ವರಸೆಗೆ ಗೋಡೆ 3.2 ಮೀಟರು.

ಅಳತೆ ಪುಸ್ತಕದಲ್ಲಿ ಪ್ರತಿಯೊಂದು ಅಳತೆಯ ಎದುರಿಗೆ ‘ಏಕೆ’ ಎಂಬ ಒಂದು ಅಂಕಣವನ್ನೂ ಎಳೆಸಿದೆನು. ಸೂರು 60 ಸೆಂ.ಮೀ. ಮುಂದಕ್ಕೆ ಚಾಚಿದೆ, ಏಕೆ? ಗೋಡೆ ನೆನೆಯದಿರಲು. ಕಿಟಕಿಯ ಕೆಳಗಿನ ಹಾಸು ಹೊರಕ್ಕೆ ಇಳಿಜಾರಾಗಿದೆ, ಏಕೆ? ನೀರು ಒಳಬರದಿರಲು. ಮಾಡಿನ ತ್ರಿಕೋನ ಗೋಡೆಯಲ್ಲಿ ಮರದ ಜಾಲರಿಯಿದೆ, ಏಕೆ? ಹಂಚಿನಡಿಯ ಬಿಸಿಗಾಳಿ ಹೊರಹೋಗಲು. ಉತ್ತರ ತಿಳಿಯದ ಪ್ರಶ್ನೆಗಳನ್ನು ಹೊತ್ತುಕೊಂಡು ಮಕ್ಕಳು ಅದೇ ಮೇಸ್ತ್ರಿಯವರ ಮನೆಗೆ ಹೋದರು. ಅವರು ಜಗಲಿಯಲ್ಲಿ ಕುಳಿತು, ಹಂಚು ಹೊದೆಸುವುದನ್ನು ಸೂರಿನಿಂದ ನೆತ್ತಿಯ ಕಡೆಗೆ ಏಕೆ ಮಾಡಬೇಕೆಂದು ಅಡಿಕೆಹಾಳೆಯ ತುಂಡುಗಳನ್ನು ಜೋಡಿಸಿ ತೋರಿಸಿದರಂತೆ.

ಎಲ್ಲವನ್ನೂ ಕಿರಿದಾಗಿಸಲಾಗದು

24 ಬೋಗಿಗಳ ರೈಲು ನಿಲ್ಲುವ ಪ್ಲಾಟ್‌ಫಾರ್ಮನ್ನು 1:87ರಲ್ಲಿ ಮಾಡಿದರೆ ಅದರ ಉದ್ದ 6 ಮೀಟರನ್ನು ಮೀರುತ್ತದೆ. ತರಗತಿಯ ಕೊಠಡಿಯೇ ಸಾಲದು. ಆದುದರಿಂದ ಸಂಕ್ಷೇಪ ಅನಿವಾರ್ಯ. ಇದಕ್ಕೆ ಒಂದು ನಿಯಮವಿದೆ: ಭಾಗಗಳ ಸಂಖ್ಯೆಯನ್ನು ಕಡಿಮೆ ಮಾಡಬಹುದು, ಭಾಗದ ಗಾತ್ರವನ್ನು ಕಡಿಮೆ ಮಾಡಬಾರದು. ಏಳು ಕಮಾನುಗಳ ಜಗಲಿಯನ್ನು ಐದಕ್ಕೆ ಇಳಿಸಿದರೆ ಕಣ್ಣು ಕ್ಷಮಿಸುತ್ತದೆ. ಏಳನ್ನೇ ಇಟ್ಟು ಪ್ರತಿಯೊಂದನ್ನೂ ಇರುಕಿಸಿದರೆ, ಮನುಷ್ಯನ ಗೊಂಬೆ ಬಾಗಿಲಲ್ಲಿ ನಿಂತೊಡನೆ ಸುಳ್ಳು ಬಯಲಾಗುತ್ತದೆ. ಏಳನ್ನು ಆರಕ್ಕೆ ಇಳಿಸುವುದೂ ತರವಲ್ಲ. ನಡುವೆ ಕಮಾನಿದ್ದಲ್ಲಿ ಕಂಬ ಬಂದು ಮುಖದ ಲಕ್ಷಣವೇ ಕೆಡುತ್ತದೆ.

ಪ್ಲಾಟ್‌ಫಾರ್ಮಿನ ಅಂಚನ್ನು ಅಂಟಿಸುವ ಮುನ್ನ ಅತಿ ಉದ್ದದ ಬೋಗಿಯನ್ನು ಹಳಿಯ ಮೇಲೆ ಕೈಯಿಂದ ದೂಡಿ ನೋಡಬೇಕು. ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೆ ಸರಿಯುತ್ತದೆ, ತುದಿಗಳು ಹೊರಕ್ಕೆ ಚಾಚುತ್ತವೆ. ಈ ಪರೀಕ್ಷೆಯನ್ನು ಮರೆತ ಪ್ಲಾಟ್‌ಫಾರ್ಮು ಮೊದಲ ರೈಲಿಗೇ ಕಿತ್ತುಬರುತ್ತದೆ.

ಗೋಡೆ

ಗೋಡೆಗೆ 2 ಮಿ.ಮೀ. ದಪ್ಪದ ಗಟ್ಟಿ ರಟ್ಟು ಸಾಕು. ಉಕ್ಕಿನ ಅಳತೆಪಟ್ಟಿಯನ್ನು ಒತ್ತಿಹಿಡಿದು, ಒಂದೇ ಸಲಕ್ಕೆ ಬಲವಾಗಿ ಕೊಯ್ಯದೆ, ಹಗುರವಾಗಿ ನಾಲ್ಕೈದು ಬಾರಿ ಕೊಯ್ದರೆ ಅಂಚು ನೇರವಾಗುತ್ತದೆ, ಬೆರಳೂ ಉಳಿಯುತ್ತದೆ. ಹಳೆಯ ಗೋಡೆಗಳ ದಪ್ಪವು ಕಿಟಕಿ ಬಾಗಿಲುಗಳ ಆಳದಲ್ಲಿ ವ್ಯಕ್ತವಾಗುವುದರಿಂದ ಎರಡು ರಟ್ಟುಗಳನ್ನೂ ಒಂದು ತೆಳು ಕಾರ್ಡನ್ನೂ ಒಂದರ ಮೇಲೊಂದು ಅಂಟಿಸಿ 5 ಮಿ.ಮೀ. ತುಂಬಿಸಬೇಕು. ತೆಳುಗೋಡೆಯ ಮೇಲೆ ಎಷ್ಟು ಬಣ್ಣ ಬಳಿದರೂ ಅದು ಕಾಗದದ ಮನೆಯೇ.

ನಮ್ಮ ಮೊದಲ ನಿಲ್ದಾಣ ಜೂನ್ ಕಳೆಯುವುದರೊಳಗೆ ದೋಣಿಯಂತೆ ಬಾಗಿತು. ರಟ್ಟಿನ ಒಂದು ಮುಖಕ್ಕೆ ಮಾತ್ರ ಬಣ್ಣ ಬಳಿದಿದ್ದೆವು. ಇನ್ನೊಂದು ಮುಖ ಗಾಳಿಯ ತೇವವನ್ನು ಹೀರಿ ಹಿಗ್ಗಿತು. ಎರಡೂ ಮುಖಗಳಿಗೆ, ಅಂಚುಗಳಿಗೆ ಕೂಡ, ವಾರ್ನಿಷ್ ಬಳಿದು, ಒಳಗೆ ಮೂಲೆ ಮೂಲೆಗೆ ಆಸರೆಯ ಪಟ್ಟಿಗಳನ್ನು ಕೊಡಬೇಕು ಎಂಬ ಪಾಠವನ್ನು ಮಳೆಯೇ ಕಲಿಸಿತು.

ಮುರಕಲ್ಲಿನ ಗೋಡೆಯನ್ನು ತೋರಿಸಲು ಅದರ ಮೇಲ್ಮೈಯನ್ನು ಗಮನಿಸಬೇಕು. 39 ಸೆಂ.ಮೀ. ಉದ್ದ, 19 ಸೆಂ.ಮೀ. ಎತ್ತರದ ಕಲ್ಲು ಮಾದರಿಯಲ್ಲಿ 4.5 ಮತ್ತು 2.2 ಮಿ.ಮೀ. ಆಗುತ್ತದೆ. ಸಂದುಗಳನ್ನು ಮೊಂಡು ಸೂಜಿಯಿಂದ ಒತ್ತಿ ಗೀರಬೇಕು. ಒಂದು ವರಸೆಯ ಸಂದಿನ ನೇರಕ್ಕೆ ಮೇಲಿನ ವರಸೆಯ ಸಂದು ಬರಬಾರದು, ಬಂದರೆ ನಿಜದ ಗೋಡೆ ಅಲ್ಲಿ ಬಿರಿಯುತ್ತದೆ. ಬಣ್ಣಕ್ಕೆ ನಾವು ಅಂಗಡಿಗೆ ಹೋಗಲಿಲ್ಲ. ಅಂಗಳದ ಕೆಂಪುಕಲ್ಲಿನ ಪುಡಿಯನ್ನು ತೆಳುಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿದ ಬಿಳಿ ಅಂಟಿನ ಮೇಲೆ ಉದುರಿಸಿದೆವು.

ಮಾಡು

ಮಾದರಿಯನ್ನು ನಾವು ನೋಡುವುದು ಮೇಲಿನಿಂದ. ಆದುದರಿಂದ ನಿಜ ಜೀವನದಲ್ಲಿ ಅಷ್ಟಾಗಿ ಗಮನಿಸದ ಮಾಡು ಇಲ್ಲಿ ಕಟ್ಟಡದ ಮುಖವಾಗುತ್ತದೆ. ಲೆಕ್ಕವೂ ಇಲ್ಲಿಯೇ ಹೆಚ್ಚು. ನಮ್ಮ ಕಟ್ಟಡದ ಅಗಲ 6 ಮೀಟರು, ಎರಡೂ ಕಡೆ ಸೂರು 60 ಸೆಂ.ಮೀ.; ಅಂದರೆ ನಡುವಿನಿಂದ ಸೂರಿನ ತುದಿಗೆ 3.6 ಮೀಟರು. ಇಳಿಜಾರು 30 ಡಿಗ್ರಿ. ಮಕ್ಕಳು 3.6 ಮೀಟರಿಗೆ ಸಮನಾಗಿ 41 ಮಿ.ಮೀ. ಅಗಲದ ಎರಡು ರಟ್ಟುಗಳನ್ನು ಕತ್ತರಿಸಿ ತಂದರು. ನೆತ್ತಿಯಲ್ಲಿ ಅವು ಕೂಡಲೇ ಇಲ್ಲ. ಕರ್ಣವು ಪಾದಕ್ಕಿಂತ ಉದ್ದವಲ್ಲವೇ! 3.6ನ್ನು 30 ಡಿಗ್ರಿಯ ಕೊಸೈನ್ ಆದ 0.866ರಿಂದ ಭಾಗಿಸಿದರೆ 4.16 ಮೀಟರು, ಮಾದರಿಯಲ್ಲಿ 48 ಮಿ.ಮೀ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಕೊಸೈನಿನ ಉಪಯೋಗವನ್ನು ಅವರು ಕೈಯಿಂದ ತಿಳಿದದ್ದು ಅಂದು.

ಮಂಗಳೂರು ಹಂಚಿನ ಉದ್ದ ಸುಮಾರು 41 ಸೆಂ.ಮೀ., ಅಗಲ 23.5 ಸೆಂ.ಮೀ. ಒಂದರ ಮೇಲೊಂದು ಕೂತ ಮೇಲೆ ಹೊರಗೆ ಕಾಣುವುದು ಸುಮಾರು 32 ಮತ್ತು 21 ಸೆಂ.ಮೀ. ಮಾತ್ರ. ಆ ಲೆಕ್ಕದಲ್ಲಿ ನಮ್ಮ 12 ಮೀಟರ್ ಉದ್ದದ ಮಾಡಿನ ಒಂದು ಪಾರ್ಶ್ವಕ್ಕೆ 13 ಸಾಲು, ಸಾಲಿಗೆ 57ರಂತೆ 741 ಹಂಚುಗಳು. ಒಂದೊಂದನ್ನೇ ಅಂಟಿಸುವುದು ಮಕ್ಕಳ ತಾಳ್ಮೆಗೆ ಮೀರಿದ ಕೆಲಸ. ಆದುದರಿಂದ ದಪ್ಪ ಕಾಗದದ ಪಟ್ಟಿಗಳಲ್ಲಿ 2.4 ಮಿ.ಮೀ.ಗೊಂದು ಗೀರು ಒತ್ತಿ, ಅಂಚನ್ನು ಅಲ್ಲಲ್ಲಿ ತುಸು ಕತ್ತರಿಸಿ, 3.7 ಮಿ.ಮೀ. ಹೊರಗೆ ಕಾಣುವಂತೆ ಸೂರಿನಿಂದ ಮೇಲಕ್ಕೆ ಅಂಟಿಸುತ್ತ ಹೋದೆವು. ಮೇಲಿನ ಸಾಲು ಕೆಳಗಿನದನ್ನು ಮುಚ್ಚಬೇಕು. ತಿರುಗಾದರೆ ನೀರು ಮನೆಯೊಳಗೆ. ಅಡಿಕೆಹಾಳೆಯ ಪಾಠ ಇಲ್ಲಿ ಫಲಿಸಿತು.

ಸೂರಿನಡಿ ಇಣುಕುವ ಪಕ್ಕಾಸಿನ ತುದಿಗಳಿಗೆ ಬೆಂಕಿಕಡ್ಡಿ ಹೊಂದುವುದಿಲ್ಲ. 2 ಮಿ.ಮೀ. ದಪ್ಪದ ಕಡ್ಡಿ ಎಂದರೆ ನಿಜದಲ್ಲಿ 17 ಸೆಂ.ಮೀ. ದಪ್ಪದ ತೊಲೆ. ಹಿಡಿಸೂಡಿಯ ಕಡ್ಡಿಯ ತೆಳುವಾದ ತುದಿ ಸುಮಾರು 1 ಮಿ.ಮೀ. ಇದ್ದು ಸರಿಯಾಗಿ ಒದಗಿತು. ಕೊನೆಗೆ ಮೂರು ನಾಲ್ಕು ಹಂಚುಗಳಿಗೆ ಬೇರೆ ಕೆಂಪು ಬಳಿದೆವು; ಒಡೆದ ಹಂಚನ್ನು ಬದಲಾಯಿಸದ ಮಾಡು ನಮ್ಮೂರಿನಲ್ಲಿ ಎಲ್ಲಿದೆ? ಬೆಳಕಿಗಾಗಿ ಹಾಕುವ ಗಾಜಿನ ಹಂಚೊಂದನ್ನೂ ಪಾರದರ್ಶಕ ಹಾಳೆಯಿಂದ ಮಾಡಿ ಕೂರಿಸಿದೆವು.

ಬಣ್ಣ, ಬೆಳಕು, ನೆಲೆ

ಹೊಸ ಬಣ್ಣದಿಂದ ಮಿನುಗುವ ಕಟ್ಟಡ ಆಟಿಕೆಯಾಗಿ ತೋರುತ್ತದೆ. ಮಾದರಿಯನ್ನು ನಾವು ದೂರದಿಂದ ಕಂಡ ಕಟ್ಟಡವೆಂದು ಭಾವಿಸುವುದರಿಂದ, ದೂರದ ವಸ್ತುವಿನಂತೆಯೇ ಬಣ್ಣವನ್ನು ತುಸು ಮಾಸಲಾಗಿ, ಹೊಳಪಿಲ್ಲದಂತೆ ಬಳಿಯಬೇಕು. ಕಲೆಗಳನ್ನು ಮನಬಂದಂತೆ ಹಚ್ಚಬಾರದು. ಸೂರಿನ ನೀರು ನೆಲಕ್ಕೆ ಬಡಿದು ಸಿಡಿಯುವ ಗೋಡೆಯ ಬುಡದಲ್ಲಿ ಕೆಂಪು ಮತ್ತು ಪಾಚಿಯ ಹಸುರು. ಕಿಟಕಿಯ ಹಾಸಿನ ಎರಡು ತುದಿಗಳ ಕೆಳಗೆ ಕಪ್ಪು ಗೆರೆ. ಕಬ್ಬಿಣದ ಮೊಳೆಯಡಿ ತುಕ್ಕು. ನೀರು ಹರಿದ ದಾರಿಯೇ ಕಲೆಯ ದಾರಿ.

ಒಳಗೆ ದೀಪ ಇಡುವುದಾದರೆ ಗೋಡೆಗಳ ಒಳಮೈಗೆ ಮೊದಲು ಕಪ್ಪು ಬಳಿಯಬೇಕು. ಇಲ್ಲವಾದರೆ ರಟ್ಟೇ ಲಾಟೀನಿನಂತೆ ಹೊಳೆಯುತ್ತದೆ. 12 ವೋಲ್ಟಿನ ವಿದ್ಯುತ್ತಿಗೆ ಒಂದು ಬಿಳಿ ಎಲ್‌ಇಡಿಯನ್ನು 1,000 ಓಮ್ ರೋಧಕದೊಡನೆ ಸರಣಿಯಲ್ಲಿ ಜೋಡಿಸಿದರೆ ಹರಿಯುವುದು ಸುಮಾರು 9 ಮಿಲಿಆಂಪಿಯರ್. ಸಣ್ಣ ನಿಲ್ದಾಣಕ್ಕೆ ಅದೇ ಯಥೇಷ್ಟ.

ಕಟ್ಟಡವನ್ನು ನೆಲದ ಮೇಲೆ ಇಡಬಾರದು, ನೆಲದಲ್ಲಿ ನೆಡಬೇಕು. ನೆಲಗಟ್ಟನ್ನು 3 ಮಿ.ಮೀ. ಹೆಚ್ಚು ಆಳವಾಗಿ ಮಾಡಿ, ಅದರ ಸುತ್ತ ಮಣ್ಣು ತುಂಬಿದರೆ ಬುಡದ ಬಿರುಕು ಮಾಯವಾಗುತ್ತದೆ. ಎಲ್ಲ ವಿವರಗಳಿಗಿಂತ ಈ ಒಂದೇ ವಿವರ ಕಟ್ಟಡಕ್ಕೆ ಹೆಚ್ಚು ಜೀವ ಕೊಡುತ್ತದೆ.

ಹಳದಿಯ ಮೇಲೆ ಕಪ್ಪಕ್ಷರದ ಊರಿನ ಫಲಕದ ವಿಷಯದಲ್ಲಿ ಮಕ್ಕಳಲ್ಲಿ ಚರ್ಚೆಯಾಯಿತು. ಕನ್ನಡವನ್ನು ಎಲ್ಲಕ್ಕಿಂತ ಮೇಲೆ ದೊಡ್ಡದಾಗಿ ಬರೆಯೋಣ ಎಂದು ಒಬ್ಬ ಹೇಳಿದನು. ಅವನ ಅಭಿಮಾನ ನನಗೆ ಅರ್ಥವಾಗದ್ದಲ್ಲ. ಆದರೂ, ಅಲ್ಲಿ ಯಾವ ಭಾಷೆಗಳು ಯಾವ ಕ್ರಮದಲ್ಲಿ ಇವೆಯೋ ಹಾಗೆಯೇ ಬರೆಯಬೇಕೆಂದು ಹೇಳಿದೆನು. ಮಾದರಿ ಒಂದು ಸಾಕ್ಷ್ಯ. ಸಾಕ್ಷಿ ತನ್ನ ಇಚ್ಛೆಯನ್ನು ಹೇಳುವಂತಿಲ್ಲ. ಮಕ್ಕಳು ಒಪ್ಪಿದರು. ಆದರೆ ಆ ಕಟ್ಟಡದ ಅಳತೆ ಪುಸ್ತಕವನ್ನು ಆದ್ಯಂತ ಕನ್ನಡದಲ್ಲಿ ಬರೆದರು.

ಉಳಿಯುವುದು ಯಾವುದು

ಅಮೆರಿಕದ ಮಾಂಟೆರೇ ನಗರದಲ್ಲಿ ಜಾನ್ ಆಲೆನ್ ಎಂಬ ಛಾಯಾಗ್ರಾಹಕರು ವರ್ಷಗಟ್ಟಲೆ ಶ್ರಮಿಸಿ ಕಟ್ಟಿದ ಮಾದರಿ ರೈಲುದಾರಿ ಜಗತ್ಪ್ರಸಿದ್ಧವಾಗಿತ್ತು. ಕಟ್ಟಡಗಳಿಗೆ ಮಳೆ ಬಿಸಿಲುಗಳ ಗುರುತು ಕೊಡುವುದರಲ್ಲಿ ಅವರು ಮಾರ್ಗದರ್ಶಕರು. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಬೆಂಕಿಯ ಅನಾಹುತದಿಂದ ಆ ರೈಲುದಾರಿಯ ಬಹುಭಾಗ ನಾಶವಾಯಿತು. ಇಂದು ನಾವು ಅದನ್ನು ಬಲ್ಲುದು ಅವರು ತೆಗೆದಿಟ್ಟ ಛಾಯಾಚಿತ್ರಗಳಿಂದ. ಮಾದರಿಯೂ ಶಾಶ್ವತವಲ್ಲ, ಅದರ ಹಿಂದಿನ ಅಳತೆ, ಚಿತ್ರ, ಟಿಪ್ಪಣಿಗಳನ್ನು ಪ್ರತ್ಯೇಕವಾಗಿ ಕಾಪಿಡಬೇಕು. ಇಂದು ಗಣಕಯಂತ್ರದಿಂದ ಗೋಡೆಗಳನ್ನು ಕತ್ತರಿಸುವ, ಮುದ್ರಿಸುವ ಯಂತ್ರಗಳು ಬಂದಿವೆ. ಅವುಗಳನ್ನು ಬಳಸುವುದು ತಪ್ಪಲ್ಲ. ಆದರೆ ಅಳತೆಯನ್ನು ಯಂತ್ರಕ್ಕೆ ಕೊಡಬೇಕಾದವರು ನಾವೇ.

ನಾವು ಅಳೆದ ನಿಲ್ದಾಣದ ಒಂದು ಪಾರ್ಶ್ವದ ಹಂಚಿನ ಮಾಡು ಈಗ ಇಲ್ಲ. ಅಲ್ಲಿ ತಗಡಿನ ಹೊದಿಕೆ ಬಂದಿದೆ. ಪ್ರಶ್ನೆ ಕೇಳಿದ ಆ ಮೇಸ್ತ್ರಿಯವರೂ ಇಂದು ನಮ್ಮೊಡನಿಲ್ಲ. ಹಂಚಿನ ಸಾಲು ಹಿಡಿಯುವ ಕ್ರಮ, ಸೂರಿನ ಲೆಕ್ಕ, ಅವರು ಬಳಸಿದ ಒಂದೊಂದು ಮಾತು ಮಾತ್ರ ಎಂಟನೆಯ ತರಗತಿಯ ಮಕ್ಕಳ ಕೈಬರಹದಲ್ಲಿ, ‘ಏಕೆ’ ಎಂಬ ಅಂಕಣದಲ್ಲಿ ಉಳಿದಿದೆ.

ನಮ್ಮ ಶಾಲೆಯ ಮೊದಲ ಕಟ್ಟಡವೂ ಮುರಕಲ್ಲು ಹಂಚುಗಳದ್ದೇ. ಬೆಳೆಯುವ ಶಾಲೆಗೆ ಹೊಸ ಕಟ್ಟಡ ಬೇಕು. ಅದಕ್ಕೆ ಯಾರೂ ಅಡ್ಡಿಯಾಗಬಾರದು. ಆದರೆ ಹಳೆಯದನ್ನು ಮುಟ್ಟುವ ಮೊದಲು ಒಂದು ರಜಾದಿನ ಮಕ್ಕಳ ಕೈಗೆ ಟೇಪನ್ನೂ ಪಟ್ಟೆಕೋಲನ್ನೂ ಪುಸ್ತಕವನ್ನೂ ಕೊಡೋಣ. ಅದೇ ಜಗಲಿಯಲ್ಲಿ ಕುಳಿತು ಕಲಿತ ಅಜ್ಜ ಅಜ್ಜಿಯರನ್ನು ಜೊತೆಗೆ ಕರೆಯೋಣ. ಐವತ್ತು ವರ್ಷ ಮಳೆಯನ್ನು ಹೊರಗೆ ನಿಲ್ಲಿಸಿ ನಮಗೆ ಅಕ್ಷರ ಕಲಿಸಿದ ಮಾಡಿನಲ್ಲಿ ಎಷ್ಟು ಹಂಚುಗಳಿವೆ ಎಂದು ಎಣಿಸಿ ಬರೆದಿಡುವುದು ಆ ಮಾಡಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಋಣ.